ಎದೆ ಬಿಟ್ಟು, ಹೊಕ್ಕಳದ ಮೇಲೆ

ಅಕ್ಕನ ಮಗಳು ಓದಲಿಕ್ಕೆಂದು ಜಪಾನಿಗೆ ಹೋಗಿ ಇನ್ನೂ ವಾರ ತುಂಬಿರಲಿಲ್ಲ. ಶಹಾಬಾದಿನ ನನ್ನ ಕಲ್ಲಿನ ಅಂಗಳದಲ್ಲಿ ಸೋಲಾಪುರದ ಗುತ್ತೇದಾರನೊಬ್ಬ ಪಾಲಿಶ್ ಮಾಡಿದ ಫರಸಿ ಕಲ್ಲುಗಳ ಮುಂದೆ ನಿಂತು, ಬಣ್ಣ ಸರಿಯಿಲ್ಲ, ಅಂಚು ಸರಿಯಿಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದ. ಹಾಗೆ ತಲೆ ಅಲ್ಲಾಡಿಸುವವನೇ ಕೊಳ್ಳುವವನು. ಸುಮ್ಮನೆ ಹೊಗಳುವವನು ಚಹಾ ಕುಡಿದು ಹೋಗುತ್ತಾನೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ವಾಡಿ ಸ್ಟೇಷನ್ನಿನ ಗೂಡ್ಸ್ ಕಡೆ ಲಾರಿಗೆ ಕಲ್ಲು ಹೇರಿಸುವ ಕೆಲಸದಿಂದ ಶುರು ಮಾಡಿ, ಬೈಗುಳ ತಿಂದು ತಿಂದು ಕಲಿತದ್ದು. ಆ ಗುತ್ತೇದಾರ ಇನ್ನೇನು ಮಾತಿಗೆ ಇಳಿಯಬೇಕು, ಅಷ್ಟರಲ್ಲಿ ಸೇಡಂನಿಂದ ಅಕ್ಕನ ಫೋನು.

"ತಮ್ಮಾ, ನಿನ್ನ ಸೊಸಿನ್ನ ಬಸ್ಸಿನಿಂದ ಇಳಿಸ್ಯಾರಂತ!"

"ಯಾವ ಬಸ್ಸು? ಟಿಕೀಟ್ ತೊಗೊಂಡಿಲ್ಲೇನು?"

"ಫೋಟೋ ಬಸ್ಸೋ! ಎದಿ ಫೋಟೋ! ನೀನೇ ಮಾತಾಡು, ಆಕೀನೂ ಲೈನಿನಾಗ ಇದ್ದಾಳ."

ಅಕ್ಕ ಮೂವರ ಫೋನು ಕೂಡಿಸುವುದನ್ನು ಕಲಿತದ್ದೇ ನನ್ನ ದುರ್ದೈವ. ಅವಳು ಅಳುತ್ತಿದ್ದಳು, ಹುಡುಗಿ ಸಮಾಧಾನ ಮಾಡುತ್ತಿದ್ದಳು, ಗುತ್ತೇದಾರ ನನ್ನ ಮುಖ ನೋಡುತ್ತಿದ್ದ. ಇಬ್ಬರನ್ನೂ ಸುಮ್ಮನಾಗಿಸಿ, ಮೊದಲಿಂದ ಹೇಳವ್ವಾ ಎಂದೆ.

ಅವಳು ಹೇಳಿದ್ದು ಹೀಗೆ. ಅವಳು ಸೇರಿದ ಕಾಲೇಜು ಒಂದು ಸಣ್ಣ ಊರಿನಲ್ಲಿದೆ. ಹೊಸದಾಗಿ ಬಂದ ವಿದ್ಯಾರ್ಥಿಗಳೆಲ್ಲ ಎದೆಯ ಎಕ್ಸ್‌ರೇ ತೆಗೆಸಬೇಕು. ಕ್ಷಯ ಇಲ್ಲ ಎಂಬ ಕಾಗದ ಕೈಗೆ ಬಂದ ಮೇಲೆಯೇ ಹಾಸ್ಟೆಲಿನ ಕೋಣೆಯ ಕೀಲಿ, ಆಮೇಲೆಯೇ ಕ್ಲಾಸು. ಅಲ್ಲಿಯವರೆಗೆ ಕಾಲೇಜಿನ ಅತಿಥಿಗೃಹದಲ್ಲಿ ಇರಬೇಕು, ಅದೂ ವಾರದ ಕೊನೆಯವರೆಗೆ ಮಾತ್ರ. ಎಕ್ಸ್‌ರೇ ಯಂತ್ರವನ್ನು ಒಂದು ಬಸ್ಸಿನೊಳಗೇ ಕೂಡಿಸಿಕೊಂಡು ಅವರು ಕಾಲೇಜಿನ ಅಂಗಳಕ್ಕೆ ಬರುತ್ತಾರೆ. ಇವತ್ತು ಬಂದಿದೆ, ನಾಳೆಯೂ ಇರುತ್ತದೆ, ನಾಡಿದ್ದು ಇಲ್ಲ. ಬಸ್ಸು ತಪ್ಪಿದರೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಕಾಯಬೇಕು. ಅಷ್ಟರಲ್ಲಿ ಅತಿಥಿಗೃಹ ಖಾಲಿ ಮಾಡಬೇಕಾಗುತ್ತದೆ, ಪಾಠವೂ ಮುಂದೆ ಹೋಗಿರುತ್ತದೆ. ಪರದೇಶದಲ್ಲಿ ಒಬ್ಬಳೇ ಹುಡುಗಿ ಪೆಟ್ಟಿಗೆ ಹಿಡಿದುಕೊಂಡು ಎಲ್ಲಿ ನಿಲ್ಲಬೇಕು?

ಇವಳು ಸಾಲಿನಲ್ಲಿ ನಿಂತು, ಬಸ್ಸು ಹತ್ತಿ, ಪರದೆಯ ಹತ್ತಿರ ಬಂದಾಗ ಅಲ್ಲಿದ್ದ ಹೆಂಗಸು ಇವಳ ಕೊರಳಲ್ಲಿದ್ದ ಶಿವದಾರ ನೋಡಿದಳು. ಬುಟ್ಟಿ ಮುಂದೆ ಚಾಚಿ, ಇದರಲ್ಲಿ ಇಡು ಎಂದಳು. ಇವಳು ಇಡಲಿಲ್ಲ. ಇಷ್ಟಲಿಂಗ ಅದು, ಮೈಮೇಲಿಂದ ಇಳಿಸುವಂಥದ್ದಲ್ಲ. ದಾರ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿ ಹಿಡಿದು, ಹೀಗೆ ನಿಲ್ಲುತ್ತೇನೆ ಎಂದಳು. ಆಗದು, ಎರಡೂ ಕೈಯಿಂದ ಯಂತ್ರವನ್ನು ತಬ್ಬಿಕೊಂಡು, ಗದ್ದ ಅದರ ಮೇಲೆ ಊರಿ, ಉಸಿರು ಬಿಗಿಹಿಡಿದು ನಿಲ್ಲಬೇಕು, ಕೈ ಖಾಲಿ ಇರಬೇಕು ಎಂದಳು ಆ ಹೆಂಗಸು. ಹಾಗಾದರೆ ನಾನು ಇಳಿಯುತ್ತೇನೆ ಎಂದು ಇವಳೇ ಇಳಿದು ಬಂದಳು.

"ಅಂದ್ರ ಅವರು ಇಳಿಸಿಲ್ಲ, ನೀನೇ ಇಳಿದಿ," ಎಂದೆ.

"ಹೌದು ಮಾಮಾ. ಹಿಂದ ಸಾಲಿನಾಗ ಇದ್ದವರು ಯಾರೂ ಒಂದು ಮಾತು ಅನ್ನಲಿಲ್ಲ. ಎಲ್ಲರೂ ಸರಿದು ದಾರಿ ಬಿಟ್ರು. ಅದೇ ಭಾಳ ಕೆಟ್ಟ ಅನಿಸ್ತು."

ನಮ್ಮ ಕಡೆಯಾದರೆ ಸಾಲಿನಲ್ಲಿದ್ದ ಹತ್ತು ಜನ ಹತ್ತು ಮಾತು ಆಡುತ್ತಿದ್ದರು, ಅದರಲ್ಲಿ ಒಂದಾದರೂ ಉಪಯೋಗಕ್ಕೆ ಬರುತ್ತಿತ್ತು. ಆದರೆ ನನಗೆ ಸಿಟ್ಟು ಬಂದದ್ದು ಆ ಊರಿನವರ ಮೇಲಲ್ಲ, ನಮ್ಮವರ ಮೇಲೆ. ವೀಸಾಕ್ಕೆ ಓಡಾಡಿದ್ದೆವು, ಹೈದರಾಬಾದಿನಲ್ಲಿ ಭಾಷೆ ಕಲಿಯಲು ಕೂಡಿಸಿದ್ದೆವು, ಖಾರ ಪುಡಿಯಿಂದ ಹಿಡಿದು ಜೋಳದ ಹಿಟ್ಟಿನವರೆಗೆ ಕಟ್ಟಿ ಕಳಿಸಿದ್ದೆವು. ಅಲ್ಲಿ ಯಾವ ಯಾವ ತಪಾಸಣೆ ಇದೆ ಎಂದು ಒಬ್ಬರೂ ವಿಚಾರಿಸಿರಲಿಲ್ಲ. ಹೊರಡುವ ದಿನ ಅಕ್ಕ ಮಾಡಿದ್ದು ಒಂದೇ ಕೆಲಸ: ಲಿಂಗಕ್ಕೆ ಬೆಳ್ಳಿಯ ಹೊಸ ಕರಡಿಗೆ ತಂದು, ಅದರಲ್ಲಿ ಇಟ್ಟು, ಮಗಳ ಕೊರಳಿಗೆ ಕಟ್ಟಿ, "ಸತ್ತರೂ ಮೈಮ್ಯಾಲಿಂದ ಇಳಿಸಬ್ಯಾಡ" ಎಂದು ಮಾತು ತೆಗೆದುಕೊಂಡದ್ದು. ವಿಮಾನ ನಿಲ್ದಾಣದಲ್ಲೇ ಆ ಬೆಳ್ಳಿ ಕುಂಯ್ ಕುಂಯ್ ಎಂದು ಕೂಗಿ, ಅಧಿಕಾರಿಗಳು ಅವಳನ್ನು ಪಕ್ಕಕ್ಕೆ ನಿಲ್ಲಿಸಿ ನೋಡಿ ಬಿಟ್ಟಿದ್ದರು. ಆಗಲೂ ನಮಗೆ ಬುದ್ಧಿ ಬರಲಿಲ್ಲ.

ನಾನು ವ್ಯಾಪಾರಸ್ಥ. ಅಡ್ಡಿ ಕಂಡರೆ ಪಕ್ಕದ ದಾರಿ ಹುಡುಕುತ್ತೇನೆ. ತಟ್ಟನೆ ಹೇಳಿದೆ, "ಇದರಾಗ ಏನದ ಅವ್ವಾ? ಬಟ್ಟಿಯಾಗ ಸುತ್ತಿ ಪ್ಯಾಂಟಿನ ಜೇಬಿನಾಗ ಇಟ್ಟುಕೋ. ಮೈಮ್ಯಾಲೂ ಇದ್ದಂಗ ಆತು, ಎದಿನೂ ಖಾಲಿ ಆತು."

ಅಕ್ಕ ಬಾಯಿ ತೆರೆದಳು. ಅಂಗಳದಲ್ಲಿ ಕಲ್ಲು ಕೊಯ್ಯುವ ಯಂತ್ರ ನಡೆಯುತ್ತಿತ್ತು, ಆದರೂ ಅವಳ ಮಾತು ಗುತ್ತೇದಾರನಿಗೆ ಕೇಳಿಸಿತು.

"ಹೊಕ್ಕಳ ಕೆಳಗ ಲಿಂಗ! ನೀ ಲಿಂಗವಂತರ ಹೊಟ್ಟ್ಯಾಗ ಹುಟ್ಟೀಯೋ ಇಲ್ಲೋ? ನಮ್ಮಪ್ಪ ಇದ್ದಿದ್ರ ನಿನ್ನ ಬಾಯಿಗೆ ಬೂದಿ ಹಾಕ್ತಿದ್ದ!"

"ಅಕ್ಕಾ, ದಾರಿ ಹುಡುಕ್ಲಿಕತ್ತೀನಿ..."

"ಇಂಥಾ ದಾರಿ ನೀ ಒಬ್ಬನೇ ನಡಿ!"

ಒಪ್ಪಿಕೊಳ್ಳಬೇಕು, ಅದು ನನಗೆ ಹೊಳೆದಿರಲಿಲ್ಲ. ನಾಭಿಯ ಕೆಳಗೆ ಲಿಂಗ ಇರಕೂಡದು ಎನ್ನುವುದು ನಮ್ಮಲ್ಲಿ ಕೂಸಿಗೂ ಗೊತ್ತು. ನಾನೂ ದಿನಾ ಪೂಜೆ ಮಾಡುವವನೇ. ಆದರೆ ಅವಸರದಲ್ಲಿ ಮನುಷ್ಯ ಜೇಬನ್ನೇ ನೆನೆಸುತ್ತಾನೆ.

ಗುತ್ತೇದಾರನಿಗೆ ಚಹಾ ಹೇಳಿ ಒಳಗೆ ಹೋಗಿ ಕುಳಿತೆ. ಹುಡುಗಿಯೊಬ್ಬಳಿಗೇ ಮತ್ತೆ ಫೋನು ಮಾಡಿ ಮೆಲ್ಲಗೆ ಕೇಳಿದೆ, "ಖರೆ ಹೇಳು, ಇದು ನಿಮ್ಮವ್ವನ ಹಟೇನು, ನಿಂದೇನು? ನಿಮ್ಮವ್ವನದಾದ್ರ ನಾ ಆಕಿಗೆ ತಿಳಿಸಿ ಹೇಳ್ತೀನಿ."

"ಅವ್ವ ಮಾತು ತೊಗೊಂಡಿರಲಿಲ್ಲ ಅಂದ್ರೂ ನಾ ಬುಟ್ಟ್ಯಾಗ ಇಡ್ತಿರಲಿಲ್ಲ ಮಾಮಾ. ಇಲ್ಲಿ ಬಂದಾಗಿಂದ ಮುಂಜಾನೆ ಎದ್ದು ಪೂಜಾ ಮಾಡೋದೊಂದೇ ನನಗ ತಿಳಿದ ಕೆಲಸ. ಉಳಿದಿದ್ದೆಲ್ಲ ಬ್ಯಾರೆದವರು ಹೇಳಿದಂಗ ಮಾಡ್ಲಿಕತ್ತೀನಿ."

ಹೀಗೆ ಹೇಳಿದ ಮೇಲೆ ಚೌಕಾಶಿ ಮಾಡುವುದಕ್ಕೆ ಏನು ಉಳಿಯಿತು? ಹಾಗಾದರೆ ಆ ಕಡೆಯವರ ಜೊತೆಯೇ ಮಾತಾಡಬೇಕು. ಕಾಲೇಜಿನ ಆಫೀಸಿನಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಮೇಡಂ ಒಬ್ಬರು ಇದ್ದಾರೆ, ಅವರಿಗೆ ಫೋನು ಕೊಡು ಎಂದೆ. ಹುಡುಗಿ ಬೇಡ ಬೇಡ ಎಂದಳು. ನಾನು ಬಿಡಲಿಲ್ಲ. ನನ್ನ ಇಂಗ್ಲಿಷು ಲಾರಿ ಬಾಡಿಗೆ ಗೊತ್ತು ಮಾಡುವಷ್ಟು ಇದೆ, ಉಳಿದದ್ದನ್ನು ಹುಡುಗಿ ಜಪಾನಿಯಲ್ಲಿ ಹೇಳಿದಳು. ಆ ತಾಯಿ ಪರದೆಯ ಮೇಲೆ ಬಂದು ತಲೆ ಬಾಗಿಸಿ ನಮಸ್ಕಾರ ಮಾಡಿದರು. ನಾನೂ ಮಾಡಿದೆ. ಅವರು ಮತ್ತೆ ಮಾಡಿದರು. ಹೀಗೆ ನಮಸ್ಕಾರದಲ್ಲೇ ಹೊತ್ತು ಹೋಯಿತು.

ನಾನು ಹೇಳಿದೆ: ಇದು ನಮ್ಮ ದೇವರು, ಇದು ಆಭರಣ ಅಲ್ಲ, ಇದನ್ನು ಮೈಮೇಲೆಯೇ ಬಿಟ್ಟು ಒಂದು ಫೋಟೋ ತೆಗೆಯಲು ಬರುತ್ತದೆಯೇ ನೋಡಿ. ಅವರು ಹಲ್ಲಿನ ಸಂದಿಯಿಂದ ಸುಯ್ಯೆಂದು ಉಸಿರು ಎಳೆದುಕೊಂಡು, ತಲೆ ಒಂದು ಕಡೆ ವಾಲಿಸಿ, "ಸ್ವಲ್ಪ ಕಷ್ಟ" ಎಂದರು. ನನಗೆ ಜೀವ ಬಂತು. ಸ್ವಲ್ಪ ಕಷ್ಟ! ನಮ್ಮ ಅಂಗಳದಲ್ಲಿ ಗಿರಾಕಿ ಇಷ್ಟು ಹೇಳಿದನೆಂದರೆ ಅವನು ಲಾರಿಗೆ ಫೋನು ಮಾಡುವುದೊಂದೇ ಬಾಕಿ. ನಾನು ಇನ್ನೊಂದು ಸಲ ಒತ್ತಿದೆ. ಅವರು ಇನ್ನೂ ಉದ್ದಕ್ಕೆ ಉಸಿರೆಳೆದು, ಇನ್ನೂ ಸಣ್ಣ ದನಿಯಲ್ಲಿ ಅದನ್ನೇ ಅಂದರು. ಮತ್ತೊಂದು ಸಲ ಒತ್ತಿದೆ.

ಹುಡುಗಿ ಕನ್ನಡದಲ್ಲಿ ಹಲ್ಲು ಕಚ್ಚಿ ಹೇಳಿದಳು, "ಮಾಮಾ, ಸಾಕು ಮಾಡು. ಇವರು 'ಆಗಲ್ಲ' ಅಂತ ಹೇಳಿ ಆಗ್ಯದ."

"ಎಲ್ಲಿ ಹೇಳ್ಯಾರ? ಸ್ವಲ್ಪ ಕಷ್ಟ ಅಂದಾರ ಅಷ್ಟೇ!"

"ಇಲ್ಲಿ ಆಗಲ್ಲ ಅನ್ನಲಿಕ್ಕೆ ಹಂಗೇ ಅಂತಾರ. ಪಾಪ, ಅವರ ಮುಖ ನೋಡು, ಅಳೋ ಹಂಗ ಆಗ್ಯದ."

ಹೌದು, ಆ ತಾಯಿಯ ಮುಖ ಸಣ್ಣದಾಗಿತ್ತು. ಬೆಲೆ ಇಳಿಸುತ್ತಿದ್ದಾರೆ ಎಂದುಕೊಂಡು ನಾನು ಮುಚ್ಚಿದ ಬಾಗಿಲನ್ನು ನೂಕುತ್ತಿದ್ದೆ. ನೇರವಾಗಿ ಒಮ್ಮೆ 'ಇಲ್ಲ' ಎಂದುಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಹೋಗುವ ಮಕ್ಕಳಿಗೆ ಭಾಷೆ ಕಲಿಸುವವರು ಮೊದಲು ಇದನ್ನು ಕಲಿಸಬೇಕು: ಅಲ್ಲಿಯವರು ಉಸಿರೆಳೆದುಕೊಂಡರೆ ಅಲ್ಲಿಗೆ ಮಾತು ಮುಗಿಸಿ. ಅದರ ಮುಂದೆ ನೂಕಿದರೆ ಅವರಿಗೂ ಹಿಂಸೆ, ನಿಮಗೂ ಲಾಭವಿಲ್ಲ.

ಅಷ್ಟರಲ್ಲಿ ಗುತ್ತೇದಾರ ಚಹಾ ಕುಡಿದು ಹೋಗಿದ್ದ.

ಉಳಿದದ್ದು ಒಂದೇ ದಾರಿ. ಹುಡುಗಿಗೆ ಚಿಕ್ಕಂದಿನಲ್ಲಿ ಲಿಂಗದೀಕ್ಷೆ ಕೊಟ್ಟ ಅಯ್ಯನವರು. ಅವರ ಬಾಯಿಂದ ಒಂದು ಮಾತು ಬಂದರೆ ಅಕ್ಕನೂ ಸುಮ್ಮನಾಗುತ್ತಾಳೆ, ಹುಡುಗಿಗೂ ಮನಸ್ಸಿಗೆ ಸಮಾಧಾನ. ಅವರ ಸಣ್ಣ ಮಠ ಚಿಂಚೋಳಿ ದಾಟಿ ಕುಂಚಾವರಂ ಹಾದಿಯಲ್ಲಿದೆ. ಅಲ್ಲಿ ಕಾಡು ಶುರುವಾಗುತ್ತದೆ, ಫೋನಿನ ನೆಟ್‌ವರ್ಕ್ ಮುಗಿಯುತ್ತದೆ. ಹೋಗಿಯೇ ಕೇಳಬೇಕು.

ಗಾಡಿ ತೆಗೆದೆ. ವಾಡಿಯಲ್ಲಿ ಸಿಮೆಂಟಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಚಿತ್ತಾಪುರದಲ್ಲಿ ಯಾರದೋ ಮೆರವಣಿಗೆ. ಸೇಡಂ ಮುಟ್ಟಿದಾಗ ಅಕ್ಕ ಇಳಕಲ್ ಸೀರೆ ಉಟ್ಟು, ಬಾಗಿಲಿಗೆ ಕೀಲಿ ಹಾಕಿ, ಓಣಿಯ ತುದಿಯಲ್ಲೇ ನಿಂತಿದ್ದಳು. ನೀನು ಯಾಕೆ ಬರುತ್ತೀ ಎಂದರೆ, "ನೀ ಅಲ್ಲಿ ಹೋಗಿ ಅಯ್ಯಾವ್ರಿಗೂ ಜೇಬು ತೋರಸ್ತೀ" ಎಂದಳು. ಚಿಂಚೋಳಿಯವರೆಗೆ ಅದನ್ನೇ ಆಡಿದಳು. ತೊಗರಿ ಹೊಲಗಳು ಮುಗಿದು ಗಿಡಗಳು ಶುರುವಾದರೂ ಅವಳ ಮಾತು ಮುಗಿಯಲಿಲ್ಲ. ಬೆಳಗಿನಿಂದ ಊಟ ಮಾಡಿಲ್ಲ ಎಂದೂ ಆಗಾಗ ತಿಳಿಸಿದಳು. ಮಗಳ ಕೊರಳಿಂದ ಲಿಂಗ ಇಳಿಯುತ್ತದೋ ಏನೋ ಎಂದಿರುವಾಗ ಅವಳಿಗೆ ಅನ್ನ ಹೇಗೆ ಇಳಿಯುತ್ತದೆ? ಚಿಂಚೋಳಿಯಲ್ಲಿ ಬಾಳೆಹಣ್ಣು ಕೊಡಿಸಿದೆ, ತಿನ್ನಲಿಲ್ಲ. ನಾನು ತಿಂದೆ. ಅದಕ್ಕೂ ಒಂದು ಮಾತು ಅಂದಳು.

ಅಯ್ಯನವರು ಜಗಲಿಯ ಮೇಲೆ ಕುಳಿತು, ಪಕ್ಕದ ಲಂಬಾಣಿ ತಾಂಡಾದ ಇಬ್ಬರ ಹತ್ತಿರ ತೆಲುಗಿನಲ್ಲಿ ಅವರ ಆಕಳ ರೋಗದ ಬಗ್ಗೆ ಮಾತಾಡುತ್ತಿದ್ದರು. ಅವರ ಮಾತು ಎಂದೂ ಅವಸರದ್ದಲ್ಲ. ಆಕಳ ಕಥೆ ಮುಗಿದು, ಅದರ ಕರುವಿನ ಕಥೆ ಮುಗಿದು, ನಮ್ಮ ಕಡೆ ತಿರುಗಿ, "ಬರ್ರಿ ಸಾವಕಾರ, ಕುಂದ್ರಿ. ಊಟ ಆತೇನು?" ಎಂದು ಕೇಳಿದಾಗ ಹೊತ್ತು ಇಳಿಯುತ್ತಿತ್ತು. ಅಕ್ಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಜೇಬಿನ ಮಾತನ್ನೂ ಸೇರಿಸಿ. ಅಯ್ಯನವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ನೆಲಕ್ಕೆ ಹಾಸಿದ್ದು ನಮ್ಮ ಶಹಾಬಾದಿನ ಕಲ್ಲೇ, ಆದರೆ ಯಾರೋ ಅಡ್ಡಾದಿಡ್ಡಿ ಕೂಡಿಸಿದ್ದರು.

"ಅಯ್ಯಾವ್ರ," ಎಂದೆ, "ಬೈಯೋದು ಆಮ್ಯಾಲ ಬೈರಿ. ಹೊಕ್ಕಳ ಕೆಳಗ ಬ್ಯಾಡ, ಒಪ್ಪಿದೆ. ಮ್ಯಾಲ ಎಲ್ಲೆಲ್ಲಿ ಆಗ್ತದ? ಅಷ್ಟು ಹೇಳ್ರಿ."

"ಎದಿ ಮ್ಯಾಲ."

"ಎದಿ ಅವರಿಗೆ ಬೇಕಾಗ್ಯದ್ರಿ. ಅದರದೇ ಫೋಟೋ."

"ಅಂಗೈಯಾಗ ಹಿಡೀಲಿ. ಅದಕ್ಕಿಂತ ಛಲೋ ಜಾಗ ಯಾವುದದ?"

"ಎರಡೂ ಕೈಲೆ ಯಂತ್ರ ತಬ್ಬಬೇಕಂತ್ರಿ. ಕೈ ಹೋದವು."

"ಕೊರಳು?"

"ಗದ್ದ ಯಂತ್ರದ ಮ್ಯಾಲ ಊರಬೇಕಂತ. ದಾರ ಬಿಗಿದರೂ ಲಿಂಗ ಎದಿಗೇ ಬರ್ತದ. ಕೊರಳೂ ಹೋತು."

"ಕಂಕುಳು?"

"ಫೋಟೋದಾಗ ಬರ್ತದ್ರಿ."

ಅಯ್ಯನವರು ಗಡ್ಡ ಸವರಿದರು. "ಹಿರಿಯರು ಬಾಯಾಗೂ ಇಟ್ಟುಕೊಂಡದ್ದು ಅದ."

"ಅಲ್ಲಿ ಉಸಿರು ಬಿಗಿ ಹಿಡಿ ಅಂತಾರಂತ. ಗಾಬರಿಯಾಗಿ ನುಂಗಿಗಿಂಗಿದಳಂದ್ರ?"

"ಬಾಯಿ ಮುಚ್ಚೋ ನೀ!" ಎಂದಳು ಅಕ್ಕ.

"ಇರಲಿ ಬಿಡವ್ವಾ, ಅವನು ಕೇಳೋದು ಖರೆ ಅದ," ಎಂದು ಅಯ್ಯನವರು ನಕ್ಕರು. "ನನ್ನ ಜೋಡಿ ಫರಸಿ ವ್ಯಾಪಾರ ಮಾಡ್ಲಿಕತ್ತಾನ. ಇನ್ನ ಉಳಿದಿದ್ದು ಒಂದೇ ಸಾವಕಾರ. ತಲಿ."

"ತಲಿ ಮ್ಯಾಲ ನಡೀತದೇನ್ರಿ?"

"ಯಾಕ ನಡಿಯಲ್ಲ? ಎಲ್ಲಾಕಿಂತ ಎತ್ತರದ ಜಾಗ. ಬಟ್ಟಿಯಾಗ ಕಟ್ಟಿ ತಲಿ ಮ್ಯಾಲ ಇಟ್ಟುಕೊಳ್ಳಲಿ, ಆದ ಮ್ಯಾಲ ಕೈಯಾಗ ತೊಗೊಂಡು ಪೂಜಾ ಮಾಡಿ ಮತ್ತ ಎದಿಗೆ ಕಟ್ಟಿಕೊಳ್ಳಲಿ. ಆದರ ಆ ಬೆಳ್ಳಿ ಬ್ಯಾಡ. ಲಿಂಗಕ್ಕ ಬಟ್ಟಿ ಸಾಕು. ಬೆಳ್ಳಿ ಬೇಕಾಗಿದ್ದು ನಿಮ್ಮಕ್ಕಗ."

ಅಕ್ಕ ಸೆರಗು ಸರಿಮಾಡಿಕೊಂಡಳು. ಬೆಳ್ಳಿಯ ಮಾತು ಕೇಳಿಸದವಳಂತೆ, "ತಲಿ ಅಂದ್ರ ಭಾಳ ಹಗೂರ ಆತು ಬಿಡು," ಎಂದಳು. "ತುರುಬಿನಾಗ ಇಟ್ಟು ಗಟ್ಟಿ ಕಟ್ಟಿದ್ರ ಯಾರಿಗೂ ಕಾಣಸಲ್ಲ. ನನ್ನ ಮಗಳ ಕೂದಲ ಏನು ಕಡಿಮಿ ಅವ?" ಅವತ್ತು ಮೊದಲ ಸಲ ಅವಳ ಮುಖ ಅರಳಿತು.

ಈ ಸುದ್ದಿ ತಿಳಿಸಲು ನೆಟ್‌ವರ್ಕ್ ಬೇಕಲ್ಲ. ಚಿಂಚೋಳಿ ಕಡೆ ತಿರುಗಿ, ಗುಡ್ಡದ ಏರಿನಲ್ಲಿ ಫೋನಿಗೆ ಜೀವ ಬಂದಲ್ಲಿ ಗಾಡಿ ನಿಲ್ಲಿಸಿದೆ. ಜಪಾನಿನಲ್ಲಿ ಆಗಲೇ ರಾತ್ರಿಯ ಊಟ ಮುಗಿದ ಹೊತ್ತು. ಹುಡುಗಿ ಪರದೆಯ ಮೇಲೆ ಬಂದಳು, ತಲೆಯ ಮೇಲೆ ಸ್ವೆಟರಿನ ಟೊಪ್ಪಿಗೆ ಎಳೆದುಕೊಂಡಿದ್ದಳು. ಹೋದ ಮರುದಿನದಿಂದ ಅವಳು ಹಾಗೆಯೇ ಇದ್ದಳು. ಚಳಿ ಎಂದಿದ್ದಳು, ನಾವು ನಂಬಿದ್ದೆವು.

ಅಕ್ಕ ತುರುಬಿನ ವಿಷಯ ಹೇಳಿದಳು. ಹುಡುಗಿ ಟೊಪ್ಪಿಗೆಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಕೇಳಸ್ತೇನವ್ವಾ? ತುರುಬಿನಾಗ!"

"ಕೇಳಸ್ತು ಅವ್ವಾ." ಆಮೇಲೆ ಅವಳು ಟೊಪ್ಪಿಗೆ ಹಿಂದಕ್ಕೆ ಸರಿಸಿದಳು. ಕೂದಲು ಕಿವಿಯ ಕೆಳಗೆ ಇರಲಿಲ್ಲ.

ಆ ಗುಡ್ಡದ ಮೇಲೆ ಅಕ್ಕ ಕೂಗಿದ್ದಕ್ಕೆ ಗಿಡದಲ್ಲಿದ್ದ ಹಕ್ಕಿಗಳು ಎದ್ದವು. ಲಿಂಗ ಒಂದು ಕಡೆ ಉಳಿಯಿತು, ಬಸ್ಸು ಒಂದು ಕಡೆ ಉಳಿಯಿತು, ಎಲ್ಲ ಬಿಟ್ಟು ಕೂದಲು ಮುಂದೆ ಬಂತು. ಯಾಕೆ ಕತ್ತರಿಸಿದೆ, ಯಾರನ್ನು ಕೇಳಿ ಕತ್ತರಿಸಿದೆ, ನಾಳೆ ನಿನ್ನನ್ನು ಯಾರು ಮಾಡಿಕೊಳ್ಳುತ್ತಾರೆ.

"ಅವ್ವಾ, ಇಲ್ಲಿ ಸ್ನಾನದ ಕೋಣಿ ಒಂದೇ ಅದ. ನಾ ತಲಿ ತೊಳದು ಮುಗಿಸೋತನ ಎಲ್ಲರೂ ಹೊರಗ ಟವಲ್ ಹಿಡಕೊಂಡು ನಿಂದಿರ್ತಾರ. ಬೈಯೂದೂ ಇಲ್ಲ, ಬಾಗಿಲಾ ಬಡಿಯೂದೂ ಇಲ್ಲ. ಸುಮ್ನ ನಿಂದಿರ್ತಾರ. ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ."

"ನಿಂದಿರಲಿ! ಅವರ ಕಾಲೇನು ಸವೀತಾವ?"

ನನ್ನ ತಲೆ ಕೆಟ್ಟಿತು. "ಅಕ್ಕಾ, ನಾಳೆ ಬಸ್ಸು ಹೋಗ್ತದ! ಕೂದಲ ಬೆಳೀತಾವ, ಬಸ್ಸು ಬರಲ್ಲ! ಜರಾ ಸುಮ್ಮ ಕೂಡು!" ಎಂದು ನಾನೂ ಕೂಗಿದೆ. ಅಕ್ಕನ ಮೇಲೆ ನಾನು ಹಾಗೆ ದನಿ ಏರಿಸಿದ್ದು ನೆನಪಿಲ್ಲ. ಅವಳು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು.

"ತಲಿಗೆ ಬಟ್ಟಿ ಕಟ್ಟಿಕೊಂಡ್ರ ಆ ಬಸ್ಸಿನವರು ಬಿಡ್ತಾರೇನು?" ಎಂದು ಹುಡುಗಿಗೆ ಕೇಳಿದೆ.

"ಬಿಡ್ತಾರ. ಇವತ್ತು ನನ್ನ ಮುಂದ ಇಂಡೋನೇಶಿಯಾದ ಹುಡುಗಿ ಇದ್ದಳು, ತಲಿಗೆ ಬಟ್ಟಿ ಕಟ್ಟಿಕೊಂಡೇ ಫೋಟೋ ತೆಗೆಸಿಕೊಂಡಳು. ಪಿನ್ನು ಅಷ್ಟೇ ತೆಗಿ ಅಂದ್ರು."

"ಏನು?" ಎಂದೆ. "ಇದನ್ನ ಮುಂಜಾನೆ ಹೇಳಲಿಕ್ಕೆ ಏನಾಗಿತ್ತು? ನಾ ಶಹಾಬಾದದಿಂದ ಇಲ್ಲಿತನ ಬಂದೀನಿ, ಒಬ್ಬ ಗಿರಾಕಿನ್ನ ಕಳಕೊಂಡೀನಿ!"

"ನೀ ಕೇಳಲೇ ಇಲ್ಲಲ್ಲ ಮಾಮಾ. ಬರೀ ಹೇಳ್ಲಿಕತ್ತಿದ್ದಿ."

ಇಂಥ ಮಾತಿಗೆ ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ ಎಂದು ಬರೆದು ಮುಂದೆ ಹೋಗುತ್ತೇನೆ.

ಬಟ್ಟೆ ಕಟ್ಟಬಹುದು, ಸರಿ. ಆದರೆ ತುರುಬಿಲ್ಲದ ತಲೆಯ ಮೇಲೆ ಉರುಟು ಲಿಂಗ ನಿಲ್ಲಬೇಕಲ್ಲ, ಗದ್ದ ಎತ್ತಿದರೆ ಜಾರುತ್ತದೆ. ನಾನು ಹಗ್ಗ ಅಂದೆ, ರಬ್ಬರು ಅಂದೆ. ಮುಖ ತಿರುಗಿಸಿ ಕುಳಿತಿದ್ದ ಅಕ್ಕ ಆಗ ಫೋನು ಕಸಿದುಕೊಂಡಳು. ಇನ್ನೂ ಬಿಕ್ಕುತ್ತಲೇ, "ಓಢಣಿ ತೊಗೊ," ಎಂದಳು. "ಹುರಿ ಮಾಡಿ ಸಿಂಬಿ ಸುತ್ತು. ಕೊಡ ಹೊರೋ ಸಿಂಬಿ ಗೊತ್ತದಿಲ್ಲೋ? ಅಷ್ಟರ ಗೊತ್ತದೋ, ಅದನ್ನೂ ಕತ್ತರಿಸಿಕೊಂಡಿಯೋ? ಹಾಂ. ನಡುವ ಗುಳಿ ಬಿಡು. ಅದರಾಗ ಲಿಂಗ ಕೂಡಸು. ಮ್ಯಾಲ ಇನ್ನೊಂದು ಬಟ್ಟಿ ಹಾಕಿ ಹಿಂದ ಗಂಟು ಹಾಕು. ತುಂಬಿದ ಕೊಡ ನಿಂದಿರ್ತದ, ಲಿಂಗ ನಿಂದರಲ್ಲೇನು? ಈಗ ಗದ್ದ ಎತ್ತು. ಇನ್ನಷ್ಟು ಎತ್ತು. ಬಗ್ಗು. ತಲಿ ಅಲ್ಲಾಡಸು."

ಚಿಂಚೋಳಿಯ ಗುಡ್ಡದ ಮೇಲೆ ಹೊತ್ತು ಮುಳುಗುತ್ತಿತ್ತು. ಜಪಾನಿನ ಒಂದು ಅತಿಥಿಗೃಹದ ಕೋಣೆಯಲ್ಲಿ ಸೇಡಂನ ಹುಡುಗಿ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು, ತಾಯಿ ಹೇಳಿದಂತೆ ಬಗ್ಗಿ ಎದ್ದು ಗದ್ದ ಎತ್ತಿ ತೋರಿಸುತ್ತಿದ್ದಳು. ಗಂಟು ಎರಡು ಸಲ ಸಡಿಲಾಯಿತು. ಆಮೇಲೆ ನಿಂತಿತು.

ಮರುದಿನ ನಾನು ಅಂಗಳ ಬಿಟ್ಟು ಸೇಡಂನಲ್ಲೇ ಕುಳಿತೆ. ಅಕ್ಕನ ಮನೆಯಲ್ಲಿ ರೊಟ್ಟಿ ಆಗಿತ್ತು, ಪುಂಡಿ ಪಲ್ಯ ಆಗಿತ್ತು, ಯಾರೂ ತಟ್ಟೆ ಹಾಕುವ ಮಾತಾಡಲಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು, ಕೂದಲಿನ ವಿಷಯ ನನಗೆ ಮೊದಲೇ ಗೊತ್ತಿತ್ತು ಎಂದು ಅವಳ ಸಂಶಯ. ನನಗೆ ಗೊತ್ತಿರಲಿಲ್ಲ. ಹೇಳಿದರೆ ನಂಬುವುದಿಲ್ಲ. ಬಸ್ಸಿನ ಹೊತ್ತು ಬಂತು, ಹೋಯಿತು. ಫೋನಿಲ್ಲ. ನಾನು ಮಾಡಲೇ ಎಂದೆ. ಬ್ಯಾಡ ಎಂದು ಅಕ್ಕ ಕೈ ತೋರಿಸಿದಳು, ಮಾತಾಡಲಿಲ್ಲ. ನಾನು ಎದ್ದು ಓಣಿಯ ತುದಿಯವರೆಗೆ ಹೋಗಿ ಬಂದೆ. ಬಂದು ನೋಡಿದರೆ ಅಕ್ಕ ಫೋನನ್ನು ಜಗಲಿಯ ಮೇಲೆ ಚಾರ್ಜಿಗೆ ಹಾಕಿ, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು.

ಊಟದ ಹೊತ್ತು ಮೀರಿದ ಮೇಲೆ ಬಂತು.

"ಆತು ಮಾಮಾ! ಅವ್ವ ಎಲ್ಲಿದ್ದಾಳ?"

ನಡೆದದ್ದನ್ನು ಅವಳು ನಗುತ್ತ ಹೇಳಿದಳು. ನಿನ್ನೆಯ ಹೆಂಗಸೇ ಇದ್ದಳಂತೆ. ಗುರುತು ಹಿಡಿದು, ಕೊರಳು ನೋಡಿ, ತಲೆಯ ಮೇಲಿನ ಬಟ್ಟೆ ನೋಡಿ, ಕಬ್ಬಿಣ ಏನಾದರೂ ಇದೆಯೇ ಎಂದಳು. ಇಲ್ಲ, ನಿನ್ನೆ ನೋಡಿದಿರಲ್ಲ, ಅದನ್ನು ಇಲ್ಲಿಟ್ಟಿದ್ದೇನೆ ಎಂದು ಇವಳು ತಲೆ ಮುಟ್ಟಿ ತೋರಿಸಿದಳು. ಆ ಹೆಂಗಸು ಉಸಿರೆಳೆದುಕೊಂಡಳು. ಆದರೆ ಅವಳು ಕಷ್ಟ ಎನ್ನಲಿಲ್ಲ. ಒಳಗೆ ಹೋಗಿ ಯಂತ್ರದವನನ್ನು ಕೇಳಿ ಬಂದಳು. ಅವನು ಹೊರಗೆ ಇಣುಕಿ, ತನ್ನ ಗದ್ದದಿಂದ ಹೊಟ್ಟೆಯವರೆಗೆ ಕೈ ಇಳಿಸಿ ತೋರಿಸಿ, ನನಗೆ ಬೇಕಾದದ್ದು ಇಷ್ಟೇ, ಮೇಲಿನದು ನಿನ್ನದು ಎಂದನಂತೆ.

"ಗದ್ದ ಎತ್ತಿ ಯಂತ್ರ ತಬ್ಬಿಕೊಂಡೆ ಮಾಮಾ. ಉಸಿರು ಹಿಡಿ ಅಂದ. ತಲಿ ಮ್ಯಾಲ ಸಿಂಬಿ ಜರಾ ಹಿಂದಕ ವಾಲಿದಂಗಾತು. ಕೈ ಎತ್ತಂಗಿಲ್ಲ, ಅಲ್ಲಾಡಂಗಿಲ್ಲ. ಅವನು ಸಾಕು ಅಂದಮ್ಯಾಲೂ ನಾ ಉಸಿರು ಬಿಟ್ಟಿರಲಿಲ್ಲಂತ, ಅವನೇ ಓಡಿ ಬಂದು ಬಿಡು ಬಿಡು ಅಂದ."

"ಕಾಗದ?"

"ಕೊಟ್ರು. ಕೀಲಿನೂ ಕೊಟ್ರು. ನೋಡು."

ಪರದೆಯ ತುಂಬ ಒಂದು ಕೀಲಿ ಬಂತು. ಅದರ ಹಿಂದೆ ಸಣ್ಣ ಕೋಣೆ, ಕಿಟಕಿ, ಇನ್ನೂ ಬಿಚ್ಚದ ಪೆಟ್ಟಿಗೆ. ಅವಳು ಫೋನನ್ನು ಆ ಪೆಟ್ಟಿಗೆಗೆ ಆನಿಸಿಟ್ಟು ನೆಲದ ಮೇಲೆ ಕುಳಿತಳು. ಎರಡೂ ಕೈಯಿಂದ ಸಿಂಬಿ ಬಿಚ್ಚಿ, ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡಳು. ವಿಭೂತಿ ಹಚ್ಚಿಕೊಂಡಳು. ಹೂವಿರಲಿಲ್ಲ, ನೀರಿತ್ತು. ಅಕ್ಕ ಜಗಲಿಯ ಮೇಲೆ ತನ್ನ ಲಿಂಗವನ್ನೂ ಅಂಗೈಗೆ ತೆಗೆದುಕೊಂಡು ಕುಳಿತಳು. ತಾಯಿ ಮಗಳು ಇಬ್ಬರೂ ತಮ್ಮ ತಮ್ಮ ಅಂಗೈ ನೋಡಿಕೊಂಡು ಇದ್ದರು, ಫೋನನ್ನು ಯಾರೂ ನೋಡಲಿಲ್ಲ.

ಮುಗಿದ ಮೇಲೆ ಹುಡುಗಿ ಲಿಂಗವನ್ನು ಬರೀ ಬಟ್ಟೆಯಲ್ಲಿ ಕಟ್ಟಿ ಎದೆಗೆ ಹಾಕಿಕೊಂಡಳು. ಬೆಳ್ಳಿ ಎಲ್ಲಿ ಎಂದು ಅಕ್ಕ ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. "ಉಣ್ಣು, ಹೋಗು," ಎಂದಳು. ಎದ್ದು ಒಳಗೆ ಹೋಗಿ, ನನ್ನ ಮುಂದೆ ತಟ್ಟೆ ಕುಕ್ಕಿದಳು. ಅಂದರೆ ಊಟ ಉಂಟು, ಮಾತಿಲ್ಲ.

ನನಗೆ ಹೇಳುವುದು ಬೇಕಾದಷ್ಟಿತ್ತು. ಕೋಣೆಯ ಕಿಟಕಿಗೆ ಒಳಗಿನಿಂದ ಚಿಲಕ ಇದೆಯೇ ನೋಡಿಕೋ, ಗೋಡೆಯಲ್ಲಿ ಮೊದಲೇ ಬಿರುಕು ಇದ್ದರೆ ಇವತ್ತೇ ಫೋಟೋ ತೆಗೆದು ಆಫೀಸಿನವರಿಗೆ ಕಳಿಸು, ಆ ಮೇಡಂಗೆ ನನ್ನ ಕಡೆಯಿಂದ ನಮಸ್ಕಾರ ಹೇಳು, ಒಂದೇ ಸಲ ಹೇಳು. ರೊಟ್ಟಿ ಮುರಿದು ಬಾಯಿಗಿಟ್ಟು, "ಇಲ್ಲಿ ಕೇಳವ್ವಾ, ಮೊದಲ್ನೇದು..." ಎಂದೆ.

"ಮಾಮಾ, ನಾಳೆ ಮುಂಜಾನೆ ಕ್ಲಾಸ್ ಅದ. ಫೋನ್ ಇಡ್ಲೇನು?"

ಇಡು ಎಂದು ನಾನು ಹೇಳಿರಲಿಲ್ಲ. ಅವಳು ಇಟ್ಟಾಗಿತ್ತು.